ಗೆಳೆಯನ ರಕ್ತಪರೀಕ್ಷೆಯ ಚೀಟಿ

ನಿಮಿರು ದೌರ್ಬಲ್ಯಕ್ಕೆ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಕೊರತೆಯೊಂದೇ ಕಾರಣವೆಂದು ನಂಬಿದ್ದ ನನ್ನ ಗೆಳೆಯನೊಬ್ಬ, ಮಧ್ಯಾಹ್ನ ಊಟವಾದ ಮೇಲೆ ರಕ್ತ ಕೊಟ್ಟು, ಬಂದ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ವಾರವಿಡೀ ಕೊರಗಿದ. ಈ ಹಾರ್ಮೋನು ಬೆಳಗ್ಗೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುವುದರಿಂದ, 10 ಗಂಟೆಯೊಳಗೆ, ಎರಡು ಬೇರೆ ದಿನ ಪರೀಕ್ಷಿಸಿ, ಎರಡರಲ್ಲೂ ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕಡಿಮೆಯಿದ್ದರೆ ಮಾತ್ರ ವೈದ್ಯರು ಸಾಮಾನ್ಯವಾಗಿ ಅದನ್ನು ಕೊರತೆಯೆಂದು ಪರಿಗಣಿಸುತ್ತಾರೆ. ಕೊನೆಗೆ ಅವನ ರಕ್ತದಲ್ಲಿ ಮಟ್ಟ ಮೀರಿ ಕಂಡದ್ದು, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು. ಅದು ಏರಿದಾಗ ಮಿದುಳಿನಿಂದ ವೃಷಣಗಳಿಗೆ ಹೋಗುವ ಸಂಕೇತವೇ ಕುಗ್ಗಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಥೈರಾಯ್ಡ್ ಏರುಪೇರೂ ಹೀಗೆ ಕಾಡಬಲ್ಲದು. ಸಕ್ಕರೆ ಕಾಯಿಲೆಯನ್ನೂ ರಕ್ತನಾಳಗಳನ್ನೂ ನೋಡದೆ ಹಾರ್ಮೋನನ್ನಷ್ಟೇ ದೂರುವುದು ಸರಿಯಲ್ಲ. ವೈದ್ಯರನ್ನು ಕೇಳದೆ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವುದನ್ನಂತೂ ನಾನು ಬಲವಾಗಿ ವಿರೋಧಿಸುತ್ತೇನೆ: ಹೊರಗಿನಿಂದ ಬಂದ ಹಾರ್ಮೋನು ವೀರ್ಯಾಣುಗಳ ಉತ್ಪಾದನೆಯನ್ನೇ ತಡೆಯಬಲ್ಲದು, ಮತ್ತು ಅವನಿಗೆ ಆಗಷ್ಟೇ ಮದುವೆಯಾಗಿತ್ತು.