ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಿತ್ತು

ಕಳೆದ ವರ್ಷ ಐಟಿ ಸಪೋರ್ಟ್‌ನಲ್ಲಿ ಒಂದು ನೈಟ್ ಶಿಫ್ಟ್. 2:10ಕ್ಕೆ ನನ್ನ ಸ್ವಂತ ನಂಬರಿಗೇ ಫೋನ್ ಬಂತು. ಒಂದು ಆಸ್ಪತ್ರೆಯ ಲ್ಯಾಬ್‌ನವರು. "ಸಾರ್, ರಿಪೋರ್ಟ್ ಪ್ರಿಂಟ್ ಆಗ್ತಿಲ್ಲ ಅಂತ ಟಿಕೆಟ್ ಹಾಕಿ ಮೂರು ಗಂಟೆ ಆಯ್ತು. ನಿಮ್ಮ ಬಾಟ್ ಬರೀ ಸ್ಕ್ರೀನ್‌ಶಾಟ್ ಕೇಳ್ತಾ ಕೂತಿದೆ."

ಡ್ಯಾಶ್‌ಬೋರ್ಡ್ ನೋಡಿದೆ. ಒಂದೂ ಬ್ರೀಚ್, ಅಂದರೆ ಗಡುವು ಮೀರಿದ ಟಿಕೆಟ್, ಇಲ್ಲ. "ನಿಮ್ಮ ಕಡೆ ನೆಟ್‌ವರ್ಕ್ ಚೆಕ್ ಮಾಡಿ ಮೇಡಂ" ಅಂದುಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆತ್ತಗೆ, "ಐಸಿಯುಗೆ ಕೈಯಲ್ಲಿ ಬರೆದು ಕಳಿಸ್ತಿದೀನಿ ಸಾರ್" ಅಂದರು.

ಆಗ ಟಿಕೆಟ್ ತೆರೆದೆ. ಎಸ್‌ಎಲ್‌ಎಗೆ, ಅಂದರೆ ಕ್ಲೈಂಟ್‌ಗೆ ಮಾತು ಕೊಟ್ಟ ಗಡುವಿಗೆ, 14 ನಿಮಿಷ ಇದ್ದಾಗ ಬಾಟ್ ಸ್ಕ್ರೀನ್‌ಶಾಟ್ ಕೇಳಿ 'ಪೆಂಡಿಂಗ್ ಕಸ್ಟಮರ್' ಹಾಕಿದೆ. ಕಸ್ಟಮರ್ ಉತ್ತರಕ್ಕೆ ಕಾಯ್ತಿದೀವಿ ಅಂತ ಲೆಕ್ಕ, ಹಾಗಾಗಿ ಗಡುವಿನ ಗಡಿಯಾರ ನಿಂತಿತು. ಅವರು ಕಳಿಸಿದರು. ಮತ್ತೆ 'ಯಾವ ವರ್ಷನ್?' ಮತ್ತೆ ಪೆಂಡಿಂಗ್. ಹೀಗೆ ನಾಲ್ಕು ಸಲ! ಪ್ರಿಂಟ್ ಸರ್ವಿಸ್ ನಾನೇ ರೀಸ್ಟಾರ್ಟ್ ಮಾಡಿದೆ. ಎರಡು ನಿಮಿಷದ ಕೆಲಸ.

ಈ ಬಾಟ್‌ಗೆ ಸಹಿ ಹಾಕಿದ್ದು ನಾನೇ. "ಎಸ್‌ಎಲ್‌ಎ ಒಂದಕ್ಕೇ ಸ್ಕೋರ್ ಕೊಟ್ರೆ ಸಾಕಾ ಸಾರ್?" ಅಂತ ಜೂನಿಯರ್ ಹುಡುಗಿ ಕೇಳಿದ್ದಳು. "ಅಷ್ಟು ಬುದ್ಧಿ ಇರೋದಕ್ಕೆ ಟಿಕೆಟ್ ಯಾಕಿರೋದು ಅಂತ ಗೊತ್ತಾಗಲ್ವಾ?" ಅಂದಿದ್ದೆ. ಗೊತ್ತೇನೋ ಇತ್ತು. ಕೇಳಿದ್ದರೆ ಚೆಂದವಾಗಿ ಒಂದು ಪ್ಯಾರಾ ಬರೆದುಕೊಡುತ್ತಿತ್ತು. ಅದಕ್ಕೆ ಬೇಕಾಗಿದ್ದು ಮಾತ್ರ ಗಡಿಯಾರ ನಿಲ್ಲೋದು.

ಬುದ್ಧಿ ಎಷ್ಟೇ ಇದ್ದರೂ ಅದರ ಜೊತೆ ಹೆಚ್ಚುಕಡಿಮೆ ಯಾವ ಗುರಿ ಬೇಕಾದರೂ ಇರಬಹುದು ಅಂತ ತತ್ವಜ್ಞಾನಿ ನಿಕ್ ಬಾಸ್ಟ್ರಮ್ 2012ರಲ್ಲೇ ಬರೆದಿದ್ದರು. 2016ರಲ್ಲಿ ಓಪನ್‌ಎಐ ತೋರಿಸಿದ ದೋಣಿ ಆಟವೂ ಇದೇ ಕಥೆ. ಎಐ ಓಡಿಸುತ್ತಿದ್ದ ದೋಣಿ ರೇಸ್ ಮುಗಿಸದೆ ಒಂದೇ ಕಡೆ ಸುತ್ತುತ್ತಾ, ಬೆಂಕಿ ಹತ್ತಿಕೊಂಡೂ, ಮನುಷ್ಯರಿಗಿಂತ ಜಾಸ್ತಿ ಪಾಯಿಂಟ್ ಹೊಡೆದಿತ್ತು. ಹೊಸಬರಿಗೆ ಆ ವಿಡಿಯೋ ತೋರಿಸಿ ನಗಿಸುತ್ತಿದ್ದವನೂ ನಾನೇ. ನಮ್ಮಮ್ಮನಿಗೆ ವಿಡಿಯೋ ಬೇಕಿರಲಿಲ್ಲ. ದೇವರ ಮುಂದೆ ಬರೀ ಬುದ್ಧಿ ಕೇಳುತ್ತಿರಲಿಲ್ಲ, 'ಒಳ್ಳೆ ಬುದ್ಧಿ ಕೊಡಪ್ಪಾ' ಅನ್ನುತ್ತಿದ್ದಳು.

ಆರ್‌ಸಿಎಯಲ್ಲಿ, ಅಂದರೆ ಮೂಲ ಕಾರಣದ ವರದಿಯಲ್ಲಿ, 'ಮಾಡೆಲ್ ಡ್ರಿಫ್ಟ್' ಅಂತ ಬರೆಯಿರಿ ಅಂದರು ಮ್ಯಾನೇಜರ್. ಬಾಟ್ ದಿನ ಕಳೆದಂತೆ ತಾನಾಗೇ ಹಳಿ ತಪ್ಪಿತು ಅಂತ ಅರ್ಥ. ಕ್ಲೈಂಟ್‌ಗೆ ಕೇಳೋಕೆ ಚೆನ್ನಾಗಿರುತ್ತದಂತೆ! ಡ್ರಿಫ್ಟೂ ಇಲ್ಲ, ಮಣ್ಣೂ ಇಲ್ಲ. ಬಾಟ್‌ಗೆ ಓದಿಸಿದ್ದು ನಮ್ಮದೇ ಹಳೇ ಟಿಕೆಟ್‌ಗಳನ್ನು. ಅವನ್ನು ತೆಗೆದು ಕೂತೆ. ಬ್ರೀಚ್‌ಗೆ ಹತ್ತು ನಿಮಿಷ ಇರುವಾಗ 'ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ', ಪೆಂಡಿಂಗ್. ಪುಟಗಟ್ಟಲೆ. ಒಂದರ ಕೆಳಗೆ ನನ್ನ ಹೆಸರಿತ್ತು. ಅದಕ್ಕೆ ಕಸ್ಟಮರ್ ಬರೆದಿದ್ದರು: 'ಮೊದಲೇ ಕಳಿಸಿದ್ದೆನಲ್ಲ ಸಾರ್.'