ಆ ಎಕ್ಸ್ ಎಲ್ಲಿಂದ ಬಂತು ಸರ್?

ಮಂಗಳವಾರದ ಕ್ಲಾಸು ಇನ್ನೂ ತಲೆಯಿಂದ ಇಳಿದಿಲ್ಲ. ಬೋರ್ಡಿನ ಮೇಲಿದ್ದದ್ದು ಒಂದು ಡಿಫರೆನ್ಶಿಯಲ್ ಈಕ್ವೇಶನ್, ಇಷ್ಟೇ. ಎಡಗಡೆ ವೈ ಡಬಲ್ ಡ್ಯಾಶ್ ಮೈನಸ್ ಮೂರು ವೈ ಡ್ಯಾಶ್ ಪ್ಲಸ್ ಎರಡು ವೈ, ಬಲಗಡೆ ಇ ಪವರ್ ಎಕ್ಸ್. ಇ ಪವರ್ ಎಂ ಎಕ್ಸ್ ಹಾಕಿದರೆ ಎಂ ಸ್ಕ್ವೇರ್ ಮೈನಸ್ ಮೂರು ಎಂ ಪ್ಲಸ್ ಎರಡು ಸೊನ್ನೆ ಆಗಬೇಕು, ಅದರ ರೂಟ್ಸ್ 1 ಮತ್ತು 2. ಸಿ.ಎಫ್., ಅಂದರೆ ಬಲಗಡೆ ಸೊನ್ನೆ ಇದ್ದಾಗಿನ ಉತ್ತರ, ಸಲೀಸಾಗಿ ಬಂತು. ಪಿ.ಐ.ಗೆ, ಅಂದರೆ ಬಲಗಡೆಯ ಇ ಪವರ್ ಎಕ್ಸ್ ಕೊಡುವ ಒಂದು ಉತ್ತರಕ್ಕೆ, ಎ ಇಂಟು ಇ ಪವರ್ ಎಕ್ಸ್ ಅಂತ ಊಹಿಸಿ ಹಾಕಿದರೆ ಎಡಗಡೆ ಪೂರ್ತಿ ಸೊನ್ನೆ. ಅದು ಆಗಲೇ ಸಿ.ಎಫ್.ನಲ್ಲಿ ಇದೆಯಲ್ಲ. ಅದಕ್ಕೆ ಎಕ್ಸ್‌ನಿಂದ ಗುಣಿಸಿ ಅಂದೆ.

"ಆ ಎಕ್ಸ್ ಎಲ್ಲಿಂದ ಬಂತು ಸರ್?" ಒಬ್ಬಳು ಹುಡುಗಿ ಕೇಳಿದಳು.

"ಹಾಕಿ ನೋಡಮ್ಮ."

"ನೋಡಿದೆ ಸರ್, ಎ ಬೆಲೆ ಮೈನಸ್ ಒಂದು ಬರುತ್ತೆ. ಆದ್ರೆ ಎಕ್ಸೇ ಹಾಕಬೇಕು ಅಂತ ಮೊದಲು ಹೊಳೆಯೋದು ಹೇಗೆ?"

ಸ್ಟಾಫ್ ರೂಮಿನಲ್ಲಿ ಹೇಳಿದರೆ ಹಿರಿಯ ಸಹೋದ್ಯೋಗಿ ನಕ್ಕರು. "ಬಲಗಡೆ ಏನಿದ್ರೆ ಏನು ಊಹಿಸಬೇಕು ಅನ್ನೋ ಟೇಬಲ್ ಬಾಯಿಪಾಠ ಮಾಡ್ಸಿ ಮಾರಾಯ್ರೆ. ಇಲ್ಲಾಂದ್ರೆ ಡಿಫರೆನ್ಶಿಯೇಟ್ ಮಾಡೋದನ್ನೇ ಡಿ ಅಂತ ಬರೆದು ಭಾಗಿಸೋ ಡಿ ಆಪರೇಟರ್ ಮೆಥಡ್. ಛೇದ ಸೊನ್ನೆ ಆದ್ರೆ ಎಕ್ಸ್ ಹಾಕಿ ಕೆಳಗಡೆ ಡಿಫರೆನ್ಶಿಯೇಟ್ ಮಾಡಿದ್ರಾಯ್ತು." ಒಳ್ಳೆಯ ಮನುಷ್ಯ, ರಿಸಲ್ಟೂ ಚೆನ್ನಾಗಿ ಕೊಡುತ್ತಾರೆ. ಆದರೆ ಅಲ್ಲೂ ಅದೇ ಎಕ್ಸ್ ಬಂದು ಕೂತಿದೆ ಅಲ್ವಾ? ಅವರನ್ನು ಯಾರೂ ಕೇಳಿಲ್ಲ, ಅಷ್ಟೇ.

ಎಕ್ಸೇ ಹಾಕಬೇಕು ಅಂತ ಹೊಳೆಯೋದು ಹೇಗೆ? ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

ಮರುದಿನ ಬಲಗಡೆ ಸ್ವಲ್ಪ ಬದಲಿಸಿದೆ. ಪವರ್‌ನಲ್ಲಿ ಎಕ್ಸ್ ಬದಲು 1.01 ಎಕ್ಸ್. ಈಗ ಮಾಮೂಲಿ ಊಹೆ ನಡೆಯುತ್ತದೆ, ಆದರೆ ಎ ಸುಮಾರು ಮೈನಸ್ 101. 1.001 ಮಾಡಿದರೆ ಸುಮಾರು ಮೈನಸ್ 1001. ಒಂದರ ಹತ್ತಿರ ಹೋದಷ್ಟೂ ಅದು ಕೈಮೀರುತ್ತದೆ. ಆದರೆ ಇ ಪವರ್ ಎಕ್ಸ್ ಸಿ.ಎಫ್.ನಲ್ಲಿ ಇರುವುದರಿಂದ ಅದನ್ನು ಎಷ್ಟು ಪಾಲು ಬೇಕಾದರೂ ಕಳೆಯಬಹುದು, ಸಮೀಕರಣಕ್ಕೆ ಏನೂ ಆಗುವುದಿಲ್ಲ. ಅದೇ ಎ ಅಷ್ಟು ಪಾಲು ಕಳೆಯಿರಿ. ಉಳಿಯುವುದು ಎರಡು ಇ ಪವರ್‌ಗಳ ವ್ಯತ್ಯಾಸ, ಕೆಳಗೆ ಆ ಪುಟ್ಟ ಅಂತರ, ಜೊತೆಗೆ ಇನ್ನೊಂದು ರೂಟ್‌ನಿಂದ ಬಂದ ಸುಮಾರು ಮೈನಸ್ ಒಂದು. ಅಂತರವನ್ನು ಸೊನ್ನೆಗೆ ಒಯ್ದರೆ ಡೆರಿವೇಟಿವ್ ಆಗುತ್ತದೆ. ಪವರ್‌ನಲ್ಲಿರುವ ಎಕ್ಸ್ ಕೆಳಗಿಳಿಯುತ್ತದೆ. ಮೈನಸ್ ಎಕ್ಸ್ ಇಂಟು ಇ ಪವರ್ ಎಕ್ಸ್!

ನಮ್ಮಲ್ಲಿ ಲೆಕ್ಕದಲ್ಲಿ ಊಹೆ ಅಂದರೆ ಕಳ್ಳತನ ಅನ್ನುವ ಹಾಗೆ ನೋಡುತ್ತಾರೆ. ಹಾಗಾಗಿ ಊಹೆಯನ್ನೇ ನಿಯಮ ಅಂತ ಹೆಸರು ಬದಲಿಸಿ ಮಕ್ಕಳಿಗೆ ಬರೆಸುತ್ತೇವೆ. ಸೈನ್ ಡಿಫರೆನ್ಶಿಯೇಟ್ ಮಾಡಿದರೆ ಕಾಸ್, ಮತ್ತೆ ಮಾಡಿದರೆ ಮೈನಸ್ ಸೈನ್. ಪಾಲಿನಾಮಿಯಲ್ ಇಳಿಯುತ್ತಾ ಹೋಗುತ್ತದೆ. ಇ ಪವರ್ ಇದ್ದಲ್ಲೇ ಇರುತ್ತದೆ. ಇವು ತಮ್ಮ ಮನೆ ಬಿಟ್ಟು ಹೋಗುವುದಿಲ್ಲ, ಅದಕ್ಕೇ ಊಹಿಸುವ ಧೈರ್ಯ. ಟ್ಯಾನ್ ಎಕ್ಸ್ ಬಂದರೆ ಈ ಆಟ ಮುಗಿಯಿತು. ಡಿಫರೆನ್ಶಿಯೇಟ್ ಮಾಡಿದಷ್ಟೂ ಹೊಸ ಪದಗಳು. ಆಗ ಗಣಿತಜ್ಞ ಲಗ್ರಾಂಜ್ ಹೆಸರಿನ, ಸಿ.ಎಫ್.ನ ಸ್ಥಿರಾಂಕಗಳನ್ನೇ ಬದಲಾಗಲು ಬಿಡುವ ವೇರಿಯೇಶನ್ ಆಫ್ ಪ್ಯಾರಾಮೀಟರ್ಸ್ ಬೇಕು. ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಆದರೂ ಯಾರೂ ಹೇಳುವುದಿಲ್ಲ, ಪೇಪರಿನಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲವಲ್ಲ.

ನಿನ್ನೆ ಆ ಹುಡುಗಿ ನೋಟ್‌ಬುಕ್ ತಂದಿದ್ದಳು. ವೈ ಡಬಲ್ ಡ್ಯಾಶ್ ಮೈನಸ್ ಎರಡು ವೈ ಡ್ಯಾಶ್ ಪ್ಲಸ್ ವೈ, ಬಲಗಡೆ ಮತ್ತೆ ಇ ಪವರ್ ಎಕ್ಸ್. ರೂಟ್ 1 ಎರಡು ಸಲ. ಸಿ.ಎಫ್.ನಲ್ಲಿರುವ ಇ ಪವರ್ ಎಕ್ಸ್, ಎಕ್ಸ್ ಇಂಟು ಇ ಪವರ್ ಎಕ್ಸ್ ಎರಡನ್ನೂ ಬೇಕಾದಷ್ಟು ಕಳೆದು ಅರ್ಧ ಎಕ್ಸ್ ಸ್ಕ್ವೇರ್ ಇಂಟು ಇ ಪವರ್ ಎಕ್ಸ್ ಬರೆದಿದ್ದಳು. "ಸರ್, ಮೂರನೇ ಆರ್ಡರ್‌ನಲ್ಲಿ ರೂಟ್ 1 ಮೂರು ಸಲ ಬಂದ್ರೆ ಎಕ್ಸ್ ಕ್ಯೂಬ್ ಮುಂದೆ ಆರರಲ್ಲಿ ಒಂದು ಬರಬೇಕಲ್ವಾ?"