ಹೆನ್ರಿ ನಡೆದ ಕಣಿವೆಯಲ್ಲಿ

ಪ್ರಾಗ್‌ನಿಂದ ಚೆರ್ಚನಿವರೆಗೆ ದೊಡ್ಡ ರೈಲು. ಅಲ್ಲಿಂದ ಮುಂದೆ ಸಾಜವ ನದಿಯ ಮಗ್ಗುಲಲ್ಲೇ ಓಡುವ ಪುಟ್ಟ ರೈಲು. ಜೆಕ್ ಜನ ಈ ಹಳಿಗೆ ‘ಪೊಸಾಜವ್ಸ್ಕಿ ಪೆಸಿಫಿಕ್’ ಅಂತ ಪ್ರೀತಿಯಿಂದ ಹೆಸರಿಟ್ಟಿದ್ದಾರೆ. ಕಿಟಕಿಯಾಚೆ ಕಾಡು, ಬಂಡೆ, ನದಿಯ ತಿರುವು, ಮತ್ತೆ ಕಾಡು. ಡಬ್ಬಿಯಲ್ಲಿ ಇದ್ದವರಲ್ಲಿ ಕೆಲವರು ಸೈಕಲ್ ತಂದಿದ್ದರು, ಕೆಲವರು ನಡೆಯಲು ಹೊರಟಿದ್ದರು. ನಾನು ಬಂದಿದ್ದು ಒಂದು ವಿಡಿಯೋ ಗೇಮ್‌ನ ಹುಡುಗನಿಗಾಗಿ.

ಗೇಮ್‌ನ ಹೆಸರು ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’. ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್ ಮಾಡಿದ್ದು. 2014ರಲ್ಲಿ ಆಟಗಾರರೇ ಕಿಕ್‌ಸ್ಟಾರ್ಟರ್ ಅನ್ನುವ ಚಂದಾ ಎತ್ತುವ ಜಾಲತಾಣದಲ್ಲಿ 11 ಲಕ್ಷ ಪೌಂಡ್‌ಗೂ ಜಾಸ್ತಿ ಹಣ ಕೂಡಿಸಿಕೊಟ್ಟರು. 2018ರ ಫೆಬ್ರುವರಿಯಲ್ಲಿ ಗೇಮ್ ಬಂತು. ಕತೆ ನಡೆಯುವುದು 1403ರ ಬೊಹೀಮಿಯಾದಲ್ಲಿ, ಅಂದರೆ ಇವತ್ತಿನ ಜೆಕ್ ನಾಡಿನಲ್ಲಿ. ಮಾಟ ಇಲ್ಲ, ಡ್ರ್ಯಾಗನ್ ಇಲ್ಲ. ಇರುವುದು ಹೆನ್ರಿ ಅನ್ನುವ ಕಮ್ಮಾರನ ಮಗ. ರಾಜ ವೆನ್ಸೆಸ್ಲಾಸ್‌ನ ಮಲತಮ್ಮ ಸಿಗಿಸ್ಮಂಡ್‌ನ ಸೈನ್ಯ ಅವನ ಊರು ಸ್ಕಾಲಿಟ್ಸ್‌ಗೆ ಬೆಂಕಿ ಇಡುತ್ತದೆ. ಅವನ ಅಪ್ಪ ಅಮ್ಮ ಅಲ್ಲೇ ಸಾಯುತ್ತಾರೆ.

ಹೆನ್ರಿಗೆ ಏನೂ ಬರುವುದಿಲ್ಲ. ಕತ್ತಿ ಹಿಡಿಯಲು ಬರುವುದಿಲ್ಲ, ಓದಲೂ ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಕಲಸಿಕೊಂಡು ಕಾಣುತ್ತವೆ. ಉಝಿಟ್ಸ್ ಊರಿನ ಲಿಪಿಕಾರನಿಗೆ ದುಡ್ಡು ಕೊಟ್ಟು ಕಲಿತ ಮೇಲೆ ಒಂದೊಂದೇ ಪದ ನೆಟ್ಟಗಾಗುತ್ತಾ ಬರುತ್ತದೆ. ನನಗೆ ಗೊತ್ತಿರುವ ಯಾವ ಆರ್‌ಪಿಜಿಯೂ (ಒಂದು ಪಾತ್ರವಾಗಿ ಬದುಕುತ್ತಾ ಬೆಳೆಯುವ ಬಗೆಯ ಗೇಮ್) ಕಲಿಕೆಯನ್ನು ಇಷ್ಟು ಚೆನ್ನಾಗಿ ತೋರಿಸಿಲ್ಲ. ಬೇರೆ ಗೇಮ್‌ಗಳಲ್ಲಿ ಲೆವೆಲ್ ಏರಿದರೆ ಒಂದು ಸಂಖ್ಯೆ ಏರುತ್ತದೆ, ಅಷ್ಟೇ. ಇಲ್ಲಿ ಮೊದಲು ಕಾಣದೇ ಇದ್ದದ್ದು ಕಾಣತೊಡಗುತ್ತದೆ.

ಆ ಜಗತ್ತು ಆಟಗಾರನಿಗಾಗಿ ಕಾಯುವುದೂ ಇಲ್ಲ. ರಾತ್ರಿಯಾದರೆ ಅಂಗಡಿ ಮುಚ್ಚುತ್ತದೆ, ಜನ ಮಲಗುತ್ತಾರೆ. ಪಂಜು ಹಿಡಿಯದೆ ಊರೊಳಗೆ ಓಡಾಡಿದರೆ ಕಾವಲಿನವರು ತಡೆಯುತ್ತಾರೆ. ಹೊಟ್ಟೆ ಹಸಿಯುತ್ತದೆ. ಬಟ್ಟೆಯಲ್ಲಿ ರಕ್ತ, ಕೆಸರು ಇದ್ದರೆ ಎದುರಿನವರು ಮಾತಾಡುವ ರೀತಿಯೇ ಬದಲಾಗುತ್ತದೆ. ಬೇಕೆಂದಾಗೆಲ್ಲ ಸೇವ್ ಮಾಡಲು ಒಂದು ಬಗೆಯ ಸಾರಾಯಿ ಬೇಕು, ಇಲ್ಲದಿದ್ದರೆ ಹಾಸಿಗೆ ಹುಡುಕಿ ಮಲಗಬೇಕು. ಇದರಿಂದ ಬೇಸತ್ತು ಬಿಟ್ಟವರು ಜಾಸ್ತಿ ಇದ್ದಾರೆ. ನನಗೋ, ಆ ನಿಧಾನವೇ ಈ ಕಣಿವೆಯ ಪರಿಚಯ ಮಾಡಿಸಿತು. ಕತ್ತಲಾಗುವುದರೊಳಗೆ ಊರು ಸೇರಬೇಕು ಅಂತ ಹೆಜ್ಜೆ ಹಾಕಿದವನಿಗೆ ದಾರಿ ಮರೆಯುವುದಿಲ್ಲ, ಅಲ್ವಾ?

ಲೆಡೆಚ್ಕೊದಲ್ಲಿ ಇಳಿದೆ. ಎರಡು ಸಣ್ಣ ಹಳಿಗಳು ಕೂಡುವ ಜಾಗ. ಗೇಮ್‌ನಲ್ಲೂ ಈ ಹಳ್ಳಿ ಇದೆ, ಇದೇ ನದಿಯ ದಡದಲ್ಲಿ. ಅಲ್ಲಿಂದ ರತಾಯೆಗೆ ಏರುದಾರಿ. ಗೇಮ್‌ನಲ್ಲಿ ಈ ಊರು ರಟ್ಟೈ. ಹೆನ್ರಿ ಕ್ಯಾಪ್ಟನ್ ಬರ್ನಾರ್ಡ್‌ನ ಕೈಯಲ್ಲಿ ಏಟು ತಿಂದು ಕತ್ತಿವರಸೆ ಕಲಿಯುವುದು ಇಲ್ಲೇ. ಒರಟು ಬಾಯಿಯ, ಒಳ್ಳೆಯ ಮನಸ್ಸಿನ ಹುಡುಗ ಹಾನ್ಸ್ ಕೇಪನ್ ಇರುವುದೂ ಇಲ್ಲೇ. ಮೊದಲ ಭೇಟಿಯಲ್ಲೇ ಇಬ್ಬರಿಗೂ ಜಗಳ. ಆಮೇಲೆ ಬೇಟೆಗೆ ಹೋದಾಗ ಹಾನ್ಸ್ ಶತ್ರುಗಳ ಕೈಗೆ ಸಿಗುತ್ತಾನೆ, ಹೆನ್ರಿ ಬಿಡಿಸಿ ತರುತ್ತಾನೆ. ಮೇಲಿನ ಜಾತಿಯ ದೊರೆಮಗ, ಕಮ್ಮಾರನ ಹುಡುಗ, ಇಬ್ಬರ ನಡುವೆ ಸ್ನೇಹ ಹುಟ್ಟುವ ಬಗೆಯನ್ನು ಆ ಬರಹಗಾರರು ಎಲ್ಲೂ ಅವಸರ ಮಾಡದೆ ಕಟ್ಟಿದ್ದಾರೆ. ಹೆನ್ರಿಗೆ ದನಿ ಕೊಟ್ಟ ಟಾಮ್ ಮಕೇ, ಹಾನ್ಸ್‌ಗೆ ದನಿ ಕೊಟ್ಟ ಲೂಕ್ ಡೇಲ್, ಈ ಇಬ್ಬರಿಗೂ ಅದರಲ್ಲಿ ದೊಡ್ಡ ಪಾಲಿದೆ.

ಹಾನ್ಸ್ ಬರಿಯ ಕಲ್ಪನೆಯ ಪಾತ್ರವಲ್ಲ. ಪಿರ್ಕ್‌ಷ್ಟೈನ್‌ನ ಯಾನ್ ಪ್ತಾಚೆಕ್ ಅನ್ನುವವನು ಇತಿಹಾಸದಲ್ಲಿ ಇದ್ದ. ಅವನ ಮನೆತನದ ಪಿರ್ಕ್‌ಷ್ಟೈನ್ ಕೋಟೆ ರತಾಯೆಯಲ್ಲಿ ಇವತ್ತಿಗೂ ನಿಂತಿದೆ. ಮೇಲಿನ ಕೋಟೆ ಮಾತ್ರ ಕಾಲ ಕಳೆದಂತೆ ಅರಮನೆಯಾಗಿ ಬದಲಾಗಿದೆ. ಊರಿನ ಬೀದಿಗೆ ಡಾಂಬರು ಬಂದಿದೆ, ಕಾರುಗಳು ನಿಂತಿವೆ. ಆದರೂ ನನ್ನ ಕಾಲಿಗೆ ಎಲ್ಲಿ ತಿರುಗಬೇಕು ಅಂತ ಗೊತ್ತಿತ್ತು. ಪಿರ್ಕ್‌ಷ್ಟೈನ್ ಕಂಡ ಕೂಡಲೇ ಸಂತೋಷಕ್ಕೆ ಗಟ್ಟಿಯಾಗಿ ನಕ್ಕುಬಿಟ್ಟೆ. ಗೇಮ್‌ನ ಮ್ಯಾಪ್ ಸುಮಾರು 16 ಚದರ ಕಿಲೋಮೀಟರ್, ನಿಜವಾದ ಕಣಿವೆ ಅದಕ್ಕಿಂತ ಎಷ್ಟೋ ಅಗಲ. ದೂರಗಳು ಕುಗ್ಗಿವೆ, ನಿಜ. ಆದರೆ ಯಾವುದರ ಪಕ್ಕ ಯಾವುದು, ಯಾವ ಗುಡ್ಡದಿಂದ ಏನು ಕಾಣುತ್ತದೆ ಅನ್ನುವ ಅಂದಾಜು ಹಾಗೇ ಉಳಿದಿದೆ.

ಗೇಮ್‌ನಲ್ಲಿ ಬರುವ ಇನ್ನೊಂದು ಕೋಟೆ ತಾಲ್ಮ್‌ಬೆರ್ಕ್‌ನಲ್ಲಿ ಗೋಡೆಯ ತುಣುಕುಗಳಷ್ಟೇ ಉಳಿದಿವೆ. ಗೇಮ್ ಆಡದವರಿಗೆ ಅಲ್ಲಿ ನೋಡಲು ಹೆಚ್ಚೇನೂ ಇಲ್ಲ.

ಸಾಜವ ಮಠದ ಮಾತೇ ಬೇರೆ. ಸಂತ ಪ್ರೊಕೊಪಿಯಸ್ 1032ರ ಸುಮಾರಿಗೆ ಕಟ್ಟಿದ ಮಠ ಇದು. 1096ರವರೆಗೂ ಇಲ್ಲಿ ಲ್ಯಾಟಿನ್ ಬದಲು ಹಳೆಯ ಸ್ಲಾವ್ ಭಾಷೆಯಲ್ಲೇ ಪೂಜೆ ನಡೆಯುತ್ತಿತ್ತು. ಗೇಮ್‌ನಲ್ಲಿ ಒಬ್ಬನನ್ನು ಹುಡುಕಲು ಹೆನ್ರಿ ಇಲ್ಲಿ ಎಳೆಯ ಸನ್ಯಾಸಿಯ ವೇಷ ತೊಡಬೇಕು. ಕತ್ತಿ, ಕವಚ ಎಲ್ಲ ಹೊರಗಿಟ್ಟು ಬರಬೇಕು. ಹೇಳಿದ ಹೊತ್ತಿಗೆ ಏಳಬೇಕು, ಪ್ರಾರ್ಥನೆಗೆ ಹೋಗಬೇಕು, ಊಟ, ಕೆಲಸ, ನಿದ್ದೆ ಎಲ್ಲ ಗಂಟೆಯ ಪ್ರಕಾರವೇ. ತಪ್ಪಿದರೆ ಶಿಕ್ಷೆ. ಇಡೀ ಗೇಮ್‌ನಲ್ಲಿ ನನಗೆ ಅತಿ ಇಷ್ಟವಾದ ಕ್ವೆಸ್ಟ್, ಅಂದರೆ ಆಟಗಾರನಿಗೆ ಒಪ್ಪಿಸುವ ಕೆಲಸ, ಇದು. ಒಂದೂ ಹೊಡೆದಾಟವಿಲ್ಲದೆ ಅದನ್ನು ಮುಗಿಸಬಹುದು. ಮಠದೊಳಗಿನ ಹುಡುಗರು ಪಿಸುಮಾತಿನಲ್ಲಿ ಹಂಚಿಕೊಳ್ಳುವ ಭಯ, ಆಸೆ, ಸಣ್ಣಸಣ್ಣ ಕಳ್ಳತನ, ಇವೆಲ್ಲ ಸೇರಿ ಆ ಗೋಡೆಗಳಿಗೆ ಜೀವ ಬರುತ್ತದೆ.

ಗೇಮ್‌ನಲ್ಲಿ ಅಲ್ಲಿನ ಹೊಸ ಚರ್ಚ್ ಅರ್ಧ ಎದ್ದಿರುತ್ತದೆ. ಸುತ್ತ ಮರದ ಅಟ್ಟಣೆ, ಕಲ್ಲಿನ ರಾಶಿ, ಕೆಲಸಗಾರರು. ಆ ಅಟ್ಟಣೆ ಹತ್ತಿ ನಿಂತವರಿಗೆ ಇನ್ನು ಕೆಲವು ವರ್ಷಗಳಲ್ಲಿ ಕಟ್ಟಡ ಮುಗಿಯುತ್ತದೆ ಅನಿಸುತ್ತದೆ. ಅದು ಮುಗಿಯಲೇ ಇಲ್ಲ. 1421ರಲ್ಲಿ ಹುಸೈಟ್ ಯುದ್ಧ, ಅಂದರೆ ಧರ್ಮದ ಹೆಸರಲ್ಲಿ ಬೊಹೀಮಿಯಾದಲ್ಲಿ ನಡೆದ ಯುದ್ಧ, ಮಠದ ಬಾಗಿಲಿಗೆ ಬಂತು. ಆ ಕಮಾನುಗಳು ಇವತ್ತಿಗೂ ಸೂರಿಲ್ಲದೆ ನಿಂತಿವೆ. ಅವುಗಳ ಕೆಳಗೆ ನಿಂತಾಗ ನನಗೆ ನೆನಪಾದವರು ರಾಜರಲ್ಲ, ಗೇಮ್‌ನಲ್ಲಿ ಹೆಸರೂ ಇಲ್ಲದೆ ಕಲ್ಲು ಕೆತ್ತುತ್ತಿದ್ದ ಆ ಎನ್‌ಪಿಸಿಗಳು, ಅಂದರೆ ಗೇಮ್ ತಾನೇ ನಡೆಸುವ ಪಾತ್ರಗಳು. ಗೇಮ್ ಆಡದೆ ಬಂದಿದ್ದರೆ ನಾನು ಅದನ್ನು ಚೆಂದದ ಅವಶೇಷ ಅಂತ ಫೋಟೋ ತೆಗೆದು ಮುಂದೆ ಹೋಗುತ್ತಿದ್ದೆ. ಕೆಲಸ ನಡೆಯುತ್ತಿರುವುದನ್ನು ನೋಡಿದ್ದವನಾದ್ದರಿಂದ ಅದು ನಿಂತುಹೋದದ್ದು ಮನಸ್ಸಿಗೆ ನೋವಾಯಿತು. ಪಾತ್ರಗಳಿರುವ ಜಗತ್ತು ಮಾಡುವ ಕೆಲಸ ಇದು. ಕಲ್ಲನ್ನು ಯಾರೋ ಬದುಕಿದ ಜಾಗ ಮಾಡಿಬಿಡುತ್ತದೆ.

ಲೆಡೆಚ್ಕೊದಿಂದ ಇನ್ನೊಂದು ಹಳಿ ಹಿಡಿದು ಕೊಲೀನ್, ಅಲ್ಲಿಂದ ಕುಟ್ನಾ ಹೋರಾ. 2025ರ ಫೆಬ್ರುವರಿಯಲ್ಲಿ ಬಂದ ಗೇಮ್‌ನ ಎರಡನೇ ಭಾಗದ ಕುಟೆನ್‌ಬರ್ಗ್ ಇದೇ. ಬೆಳ್ಳಿ ಗಣಿಗಳಿಂದ ಬೆಳೆದ ಊರು, 1995ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇಲ್ಲಿ ಪ್ರವಾಸಿಗರು ಮೊದಲು ಓಡುವುದು ಮನುಷ್ಯರ ಮೂಳೆಗಳಿಂದಲೇ ಅಲಂಕರಿಸಿದ ಸೆಡ್ಲೆಟ್ಸ್‌ನ ಚರ್ಚ್‌ಗೆ. ಆ ಅಲಂಕಾರ 1870ರದ್ದು, ಹೆನ್ರಿ ಅದನ್ನು ನೋಡಿರಲು ಸಾಧ್ಯವಿಲ್ಲ. ನಾನೂ ಬೇಗ ನೋಡಿ ಹೊರಬಂದೆ. ಗಣಿಯವರನ್ನು ಕಾಯುವ ಸಂತಳು ಬಾರ್ಬರಾಳ ಚರ್ಚ್‌ಗೆ ಬೇಕಾದಷ್ಟು ಸಮಯ ಕೊಟ್ಟೆ. 1388ರಲ್ಲಿ ಶುರುವಾಗಿ 1905ರಲ್ಲಿ ಮುಗಿದ ಕಟ್ಟಡ. ಸಾಜವದಲ್ಲಿ ಆಗದೇ ಹೋದದ್ದು ಇಲ್ಲಿ ಐನೂರು ವರ್ಷ ತಡವಾಗಿಯಾದರೂ ಆಯಿತು. ಒಳಗೆ ಬಿಳಿ ಅಂಗಿ ತೊಟ್ಟ ಗಣಿಗಾರನ ಮೂರ್ತಿ ಇದೆ, ನಾಣ್ಯ ಹೊಡೆಯುವವರ ಚಿತ್ರ ಗೋಡೆಯ ಮೇಲಿದೆ. ದುಡಿಯುವವರಿಗೆ ಚರ್ಚ್‌ನೊಳಗೆ ಇಂಥ ಜಾಗ ಸಿಕ್ಕಿದ್ದು ನನಗೆ ತುಂಬಾ ಹಿಡಿಸಿತು.

ಕೊನೆಗೆ ವ್ಲಾಶ್ಸ್ಕಿ ದ್ವೂರ್, ಅಂದರೆ ರಾಜನ ಟಂಕಸಾಲೆ. 1300ರಿಂದ ಪ್ರಾಗ್ ಗ್ರೋಶೆನ್ ನಾಣ್ಯ ಅಚ್ಚಾಗಿದ್ದು ಇಲ್ಲಿ. ಗೇಮ್‌ನಲ್ಲಿ ರೊಟ್ಟಿಗೂ ಹಾಸಿಗೆಗೂ ಎಣಿಸಿ ಎಣಿಸಿ ಕೊಟ್ಟ ಅದೇ ಗ್ರೋಶೆನ್! ಬೆಳ್ಳಿಯ ಬಿಲ್ಲೆಗೆ ಸುತ್ತಿಗೆ ಏಟು ಬಿದ್ದು ನಾಣ್ಯ ಹೇಗೆ ಆಗುತ್ತಿತ್ತು ಅನ್ನುವುದನ್ನು ಅಲ್ಲಿನವರು ತೋರಿಸಿಕೊಟ್ಟರು. ಎರಡನೇ ಭಾಗದಲ್ಲಿ ಹೆನ್ರಿ ಕುಲುಮೆಯ ಮುಂದೆ ನಿಂತು ಅಪ್ಪನ ಕಸುಬು ಮಾಡಬಹುದು. ಏಟು ಲಯಕ್ಕೆ ಬಿದ್ದರೆ ಶಿಳ್ಳೆ ಹಾಕುತ್ತಾನೆ. ಆ ಶಿಳ್ಳೆಯ ರಾಗ ಅವತ್ತೆಲ್ಲ ನನ್ನ ಬಾಯಲ್ಲೇ ಇತ್ತು.

ನೀವೂ ಹೋಗುವುದಾದರೆ ಮೊದಲು ಸಾಜವ ಕಣಿವೆ, ಆಮೇಲೆ ಕುಟ್ನಾ ಹೋರಾ. ಹೆನ್ರಿ ಹೋದದ್ದೂ ಹಳ್ಳಿಯಿಂದ ಪಟ್ಟಣಕ್ಕೆ. ಎರಡು ಬಂಡೆಗಳ ನೆತ್ತಿಯ ಮೇಲೆ ಎರಡು ಗೋಪುರ ಹೊತ್ತ ಟ್ರೋಸ್ಕಿ ಕೋಟೆ ನನಗೆ ಇನ್ನೂ ಬಾಕಿ ಇದೆ. ಹಾನ್ಸ್ ಜೊತೆ ಹೆನ್ರಿ ಎರಡನೇ ಭಾಗದ ಪಯಣ ಶುರು ಮಾಡುವ ಸೀಮೆ ಅದು. ಮುಂದಿನ ಸಲ ಅಲ್ಲಿಂದಲೇ ನಡೆಯಲು ಶುರು ಮಾಡುತ್ತೇನೆ.